ಒಂದೇ ತೂಕದ ಎರಡು ಗುಂಡುಗಳನ್ನು ಒಂದೇ ಉದ್ದದ ದಾರಗಳಲ್ಲಿ ಒಂದೇ ಮೊಳೆಗೆ ನೇತುಹಾಕಿ, ಎರಡಕ್ಕೂ ಒಂದೇ ಬಗೆಯ ವಿದ್ಯುತ್ ಚಾರ್ಜ್ ಕೊಟ್ಟರೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆಗ ಒಂದು ಗುಂಡಿನ ಚಾರ್ಜ್ ಇನ್ನೊಂದರ ನಾಲ್ಕು ಪಟ್ಟು ಇದ್ದರೆ ಯಾವ ದಾರ ಜಾಸ್ತಿ ವಾಲುತ್ತದೆ?

ಎರಡೂ ಒಂದೇ ಕೋನದಲ್ಲಿ ವಾಲುತ್ತವೆ. ಗುಂಡುಗಳ ತೂಕ ಒಂದೇ, ದಾರದ ಉದ್ದ ಒಂದೇ, ಕಟ್ಟಿರುವುದೂ ಒಂದೇ ಮೊಳೆಗೆ ಅಲ್ವಾ? ಜಾಸ್ತಿ ಚಾರ್ಜ್ ಇರುವುದು ಜಾಸ್ತಿ ತಳ್ಳುತ್ತದೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ, ಆದರೆ ಚಾರ್ಜ್‌ಗಳ ನಡುವಿನ ಬಲ ಹೇಳುವ ಕೂಲಂಬ್ ಸೂತ್ರದಲ್ಲಿ ಬರುವುದು ಎರಡೂ ಚಾರ್ಜ್‌ಗಳ ಗುಣಲಬ್ಧ, ಹಾಗಾಗಿ ಇದು ಅದನ್ನು ಎಷ್ಟು ತಳ್ಳುತ್ತದೋ ಅದೂ ಇದನ್ನು ಅಷ್ಟೇ ತಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. 1 ಗ್ರಾಂ ಗುಂಡುಗಳು, 50 ಸೆಂ.ಮೀ. ದಾರ. ಎರಡಕ್ಕೂ ತಲಾ 0.4 ಮೈಕ್ರೊಕೂಲಂಬ್ (ಚಾರ್ಜ್ ಅಳೆಯುವ ಮಾನ) ಕೊಟ್ಟರೆ ಪ್ರತಿ ದಾರವೂ ಹೆಚ್ಚುಕಡಿಮೆ 30 ಡಿಗ್ರಿ ವಾಲುತ್ತದೆ. ಒಂದಕ್ಕೆ 0.2, ಇನ್ನೊಂದಕ್ಕೆ 0.8 ಕೊಟ್ಟರೂ ಗುಣಲಬ್ಧ ಅದೇ 0.16, ಕೋನವೂ ಅದೇ.

ಮಜಾ ಇರುವುದು ಇಲ್ಲಿ. ಲೋಹದ ಒಂದೇ ಅಳತೆಯ ಗುಂಡುಗಳಾದರೆ 0.2 ಮತ್ತು 0.8 ಇರುವ ಆ ಎರಡನ್ನು ಒಮ್ಮೆ ತಾಗಿಸಿ ಬಿಡಿ. ಚಾರ್ಜ್ ಸಮನಾಗಿ ಹಂಚಿಹೋಗಿ ತಲಾ 0.5 ಆಗುತ್ತದೆ, ಗುಣಲಬ್ಧ 0.25ಕ್ಕೆ ಏರುತ್ತದೆ, ದಾರಗಳು ಸುಮಾರು 35 ಡಿಗ್ರಿಗೆ ಹೋಗಿ ನಿಲ್ಲುತ್ತವೆ. ಹೊಸದಾಗಿ ಚಾರ್ಜ್ ಏನೂ ಸೇರಿಸಿಲ್ಲ, ಸುಮ್ನೆ ಹಂಚಿದ್ದಷ್ಟೇ! ಪರೀಕ್ಷೆಯಲ್ಲಿ ಇದನ್ನು ಕೇಳುವುದು ಜಾಸ್ತಿ.

ದಾರದ ಉದ್ದ ಒಂದೇ ಇದ್ದೂ ಕೋನ ಬೇರೆ ಬೇರೆ ಆಗಬೇಕಾದರೆ ತೂಕ ಬೇರೆ ಇರಬೇಕು. ಆಗ ಭಾರದ ಗುಂಡು ಕಡಿಮೆ ವಾಲುತ್ತದೆ, ಹಗುರದ್ದು ಜಾಸ್ತಿ. ಎರಡರ ಒಟ್ಟು ತೂಕದ ಕೇಂದ್ರ ಮಾತ್ರ ಮೊಳೆಯ ನೇರ ಕೆಳಗೇ ಇರುತ್ತದೆ.