ಬಿಸಿ ಮಾಡಿದಾಗ ರಾಸಾಯನಿಕ ಕ್ರಿಯೆ ಚುರುಕಾಗುವುದು ಅಣುಗಳು ಹೆಚ್ಚು ಬಾರಿ ಡಿಕ್ಕಿ ಹೊಡೆಯುವುದರಿಂದಲೇ?

ಅದು ತೀರಾ ಸಣ್ಣ ಕಾರಣ. ಕೋಣೆಯ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಡಿಕ್ಕಿ ಹೊಡೆಯುತ್ತಲೇ ಇರುತ್ತದೆ. ಆದರೆ ಹಳೆಯ ಬಂಧ ಸಡಿಲಿಸುವಷ್ಟು ಶಕ್ತಿ, ಅಂದರೆ ಸಕ್ರಿಯಣ ಶಕ್ತಿ, ಮತ್ತು ತಕ್ಕ ದಿಕ್ಕು ಎರಡೂ ಕೂಡಿಬಂದ ಡಿಕ್ಕಿ ಮಾತ್ರ ಫಲಿಸುತ್ತದೆ. ಮುಚ್ಚಿದ ಪಾತ್ರೆಯ ಅನಿಲವನ್ನು 27 ಡಿಗ್ರಿ ಸೆಲ್ಸಿಯಸ್‌ನಿಂದ 37ಕ್ಕೆ ಏರಿಸಿದರೆ ಡಿಕ್ಕಿಗಳು ಹೆಚ್ಚುವುದು ಶೇ. 2ಕ್ಕಿಂತ ಕಡಿಮೆ. ಆದರೂ ಎಷ್ಟೋ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ, ಏಕೆಂದರೆ ಆ ಶಕ್ತಿಯ ಹೊಸ್ತಿಲು ದಾಟಬಲ್ಲ ಡಿಕ್ಕಿಗಳ ಪಾಲು ಒಮ್ಮೆಲೇ ಏರುತ್ತದೆ. ನಮ್ಮ ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯ ಚೀಲದಲ್ಲಿ ತಿಂಗಳುಗಟ್ಟಲೆ ಬದಲಾಗದೆ ಬಿದ್ದಿರುವ ಹಸಿ ಬೀಜ, 200 ಡಿಗ್ರಿಯ ಆಸುಪಾಸಿನ ಹುರಿಯುವ ಡ್ರಮ್ಮಿನಲ್ಲಿ ಹತ್ತು ಹದಿನೈದು ನಿಮಿಷಕ್ಕೇ ಕಂದುಬಣ್ಣಕ್ಕೆ ತಿರುಗಿ, ಬೀದಿಗೆಲ್ಲ ಘಮ ಹರಡುತ್ತದೆ.