ಹಳೇ ಸ್ಟೀಲ್ ಎಂಟಿಬಿಗೆ ದುಡ್ಡು ಹಾಕಬಹುದಾ? ಮೊದಲು ಸೀಟ್ ಪಿಲ್ಲರ್ ತಿರುಗುತ್ತಾ ನೋಡಿ

ಮಾವನ ಮನೆಯ ಅಟ್ಟದಲ್ಲಿ ಸಿಕ್ಕ 90ರ ದಶಕದ ಸ್ಟೀಲ್ ಎಂಟಿಬಿ, ಅಂದರೆ ಮೌಂಟನ್ ಬೈಕ್. ಅದಕ್ಕೆ ಸಸ್ಪೆನ್ಷನ್ ಫೋರ್ಕು (ಮುಂದಿನ ಚಕ್ರ ಹಿಡಿಯುವ, ಕುಲುಕು ತಾಳುವ ಕವಲು), ಡಿಸ್ಕ್ ಬ್ರೇಕು, ಹೊಸ ಗೇರು ಅಂತ 25,000 ಹಾಕಲಾ, ಇಲ್ಲಾ ಹೊಸ ಸೈಕಲ್ಲೇ ತಗೊಳ್ಳಲಾ ಅಂತ ಕೇಳಿದ್ದೀರಿ. ನೀವು ಹಾಸನ, ನಾನು ಚಿಕ್ಕಮಗಳೂರು. ಏಳು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು.

ನನ್ನದು 1993ರ ಸ್ಪೆಷಲೈಸ್ಡ್ ರಾಕ್‌ಹಾಪರ್. ಭಾವ ಅಮೆರಿಕದಿಂದ ವಾಪಸ್ ಬರುವಾಗ ಸಾಮಾನಿನ ಜೊತೆ ತಂದಿದ್ದರು. ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರ ಸ್ಟೀಲಿನ ತೆಳು ಪೈಪು, ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತಿತ್ತು. ಆಲ್ದೂರಿನ ತೋಟದ ಗೋಡೌನಿನಲ್ಲಿ ಗೊಬ್ಬರದ ಚೀಲಗಳ ಪಕ್ಕ ಇಪ್ಪತ್ತು ವರ್ಷ ನಿಂತಿತ್ತು. ಆ ಕಡೆ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಇನ್ನು ಸೈಕಲ್ ಗತಿ ಕೇಳಬೇಕಾ?

ನಾನೋ, ಚಕ್ರ, ಟೈರು, ಚೈನು ಎಲ್ಲಾ ಆರ್ಡರ್ ಮಾಡಿ ಕೂತಿದ್ದೆ. ಪಾರ್ಸೆಲ್ ಬಂದ ದಿನ ಸೀಟು ಎತ್ತರ ಮಾಡೋಣ ಅಂತ ಬೋಲ್ಟ್ ಸಡಿಲಿಸಿದೆ. ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಪೈಪು, ಅಂದರೆ ಪಿಲ್ಲರ್, ಕೂದಲೆಳೆಯಷ್ಟೂ ಕದಲಲಿಲ್ಲ. ಅದು ಸೇರಿಕೊಳ್ಳುವ ಜಾಗದಲ್ಲಿ ಸುತ್ತಲೂ ಸುಣ್ಣ ಬಳಿದಂತೆ ಬಿಳಿ ಪುಡಿ.

ತಪ್ಪು ಆಗಿದ್ದು ಇಲ್ಲೇ. ಜೀಪ್ ರಿಪೇರಿ ಮಾಡುವ ಒಂದು ಗ್ಯಾರೇಜಿಗೆ ಹೊತ್ತುಕೊಂಡು ಹೋದೆ. "ಬಿಸಿ ತೋರಿಸಿದ್ರೆ ಬಿಟ್ಕೊಳ್ಳುತ್ತೆ ಸಾರ್" ಅಂದರು. ನನಗೂ ಸರಿ ಅನ್ನಿಸಿತು. ಕಚ್ಚಿಕೊಂಡ ನಟ್ಟಿಗೆ ಗ್ಯಾಸ್ ಹಿಡಿದರೆ ಬಿಡುವುದನ್ನು ಎಷ್ಟು ಸಲ ನೋಡಿಲ್ಲ? ಆದರೆ ಅಲ್ಲಿ ಬಿಸಿಯಾಗಿ ಹಿಗ್ಗುವುದು ಹೊರಗಿನ ನಟ್ಟು. ಅದಕ್ಕೇ ಬಿಡುತ್ತದೆ. ಇಲ್ಲಿ ಹೊರಗಿರುವುದು ಸ್ಟೀಲು, ಒಳಗಿರುವುದು ಅಲ್ಯುಮಿನಿಯಂ. ಫ್ರೇಮಿನ ಪೈಪು ತೆಳು, ಬಿಸಿ ಒಂದೇ ಗಳಿಗೆಯಲ್ಲಿ ಒಳಗೂ ಇಳಿಯುತ್ತದೆ. 100 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಸ್ಟೀಲು ಹಿಗ್ಗುವುದು ಸುಮಾರು 1.2 ಮಿ.ಮೀ., ಅಲ್ಯುಮಿನಿಯಂ 2.3 ಮಿ.ಮೀ. ಅಂದರೆ ಒಳಗಿನದೇ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಮೊದಲೇ ಆ ಬಿಳಿ ಪುಡಿ, ಅಂದರೆ ಅಲ್ಯುಮಿನಿಯಂನ ತುಕ್ಕು, ಸಂದಿಯನ್ನೆಲ್ಲಾ ತುಂಬಿಕೊಂಡಿತ್ತು. ನಾವು ಬಿಡಿಸುತ್ತಿದ್ದೇವೆ ಅಂದುಕೊಂಡು ಇನ್ನೂ ಬಿಗಿ ಮಾಡುತ್ತಿದ್ದೆವು.

ಬಿಸಿ ಇರುವಾಗಲೇ ಪಿಲ್ಲರನ್ನು ವೈಸ್‌ಗೆ ಕಚ್ಚಿಸಿ, ಫ್ರೇಮನ್ನೇ ಹಿಡಿದು ಇಬ್ಬರು ತಿರುಗಿಸಿದೆವು. ತಿರುಗಿತು! "ಬಂತು, ಬಂತು" ಅಂತ ಕೂಗಿದ್ದು ನಾನೇ. ಬಗ್ಗಿ ನೋಡಿದರೆ ತಿರುಗಿದ್ದು ಪಿಲ್ಲರ್ ಅಲ್ಲ, ಫ್ರೇಮಿನ ಪೈಪು. ಒದ್ದೆ ಬಟ್ಟೆ ಹಿಂಡಿದ ಹಾಗೆ ಸುಕ್ಕು ಬಿದ್ದಿತ್ತು. ಪೇಂಟು ಹಪ್ಪಳದಂತೆ ಎದ್ದು ಬಂದಿತ್ತು.

ಮನೆಗೆ ಬಂದು ಹೇಳಿದರೆ ಅಮ್ಮ, "ಲೋಟದೊಳಗೆ ಲೋಟ ಕಚ್ಚಿಕೊಂಡ್ರೆ ಒಳಗಿನದಕ್ಕೆ ತಣ್ಣೀರು ಹಾಕಲ್ವೇನೋ?" ಅಂದರು. ಅಷ್ಟೇ ವಿಷಯ. ಗ್ಯಾಸ್ ಬೇಡವಾಗಿತ್ತು, ಮೀನು ಮಾರ್ಕೆಟಿನ ಐಸ್ ಸಾಕಿತ್ತು.

ಕೊನೆಗೆ ಪಿಲ್ಲರಿನ ತಲೆ ಕತ್ತರಿಸಿ, ಒಳಗಡೆಯಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ, ಒಳಕ್ಕೆ ಮಡಚಿ ತೆಗೆದೆ. ಎರಡು ಭಾನುವಾರ ಹಿಡಿಯಿತು. ಸುಕ್ಕಾದ ಪೈಪನ್ನು ಕತ್ತರಿಸಿ ಬೇರೆ ತುಂಡು ಇಟ್ಟು ಹಿತ್ತಾಳೆ ಬೆಸುಗೆ ಹಾಕಿಸಿದೆ. ಒಳಗೆ ಬೆಸುಗೆಯ ಗಂಟು ಇರುವುದರಿಂದ ಈಗ ಸೀಟು ಒಂದೇ ಎತ್ತರ. ನನ್ನ ಮಗಳು ಹತ್ತಿದರೆ ಕಾಲು ಪೆಡಲಿಗೆ ಎಟಕಲ್ಲ.

ಹಾಗಾಗಿ, ಹಳೇದಾ ಹೊಸದಾ ಅನ್ನುವ ನಿಮ್ಮ ಪ್ರಶ್ನೆಯೇ ಈಗ ಬೇಡ. ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಪಿಲ್ಲರ್ ತಿರುಗಿಸಿ ನೋಡಿ. ಕಚ್ಚಿಕೊಂಡಿದ್ದರೆ ಬೋಲ್ಟ್ ಪೂರ್ತಿ ತೆಗೆದು ತುಕ್ಕು ಬಿಡಿಸುವ ಎಣ್ಣೆ ದಿನಾ ಎರಡು ಹೊತ್ತು ಬಿಡಿ. ಸೈಕಲನ್ನು ತಲೆಕೆಳಗೆ ನಿಲ್ಲಿಸಿ, ಬಾಟಲ್ ಸ್ಟ್ಯಾಂಡಿನ ತೂತಿದ್ದರೆ ಅಲ್ಲಿಂದಲೂ ಬಿಡಿ. ಎರಡು ವಾರ ಕಾಯಿರಿ. ಆಮೇಲೆ ಹಳೇ ಸೀಟನ್ನೇ ಹಿಡಿದು ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ. ಸುತ್ತಿಗೆ, ಬೆಂಕಿ ಎರಡೂ ದೂರ.

ಸಸ್ಪೆನ್ಷನ್ ಫೋರ್ಕು ಬೇಡವೇ ಬೇಡ. ಅದು ನಿಮ್ಮ ಹಳೇ ಫೋರ್ಕಿಗಿಂತ ಉದ್ದ. ಸೈಕಲ್ ಮೂತಿ ಮೇಲೆತ್ತಿ ಹ್ಯಾಂಡಲ್ ತಿರುಗಿಸುವ ಗುಣವೇ ಕೆಡುತ್ತದೆ, ಅಗ್ಗದ್ದು ತಂದರೆ ಭಾರ ಬೇರೆ. ದಪ್ಪ ಟೈರು ಹಾಕಿ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಸಾಕು. ಆದರೆ ಟೈರಿನ ಬದಿಯಲ್ಲಿ 559 (ಟೈರು ಕೂರುವ ರಿಮ್ಮಿನ ಅಳತೆ, ಮಿ.ಮೀ.ನಲ್ಲಿ) ಅಂತ ಇದೆಯಾ ನೋಡಿ. ಅಂಗಡಿಯವರು 26 ಅಂತ ಕೊಡುವ ಮಾಮೂಲಿ ಸೈಕಲ್ ಟೈರು ಇದಕ್ಕೆ ಕೂರಲ್ಲ. ಡಿಸ್ಕ್ ಬ್ರೇಕಿಗೆ ಆ ಫ್ರೇಮಿನಲ್ಲಿ ಜಾಗವೇ ಇರಲ್ಲ, ವೆಲ್ಡಿಂಗ್ ಮಾಡಿಸಿ ಕೂರಿಸುವ ಸಾಹಸ ಬೇಡ.

ಖರ್ಚು ಮಾಡಲೇಬೇಕಾದ ಜಾಗ ಒಂದಿದೆ. ರಿಮ್ಮಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಸ್ಟೀಲ್ ರಿಮ್ಮು, ಮಳೆಯಲ್ಲಿ ನೆನೆದರೆ ಬ್ರೇಕ್ ಸುಮ್ನೆ ಜಾರುತ್ತದೆ. ಮುಳ್ಳಯ್ಯನಗಿರಿಯಿಂದ ಕೈಮರದ ಕಡೆಗೆ ಜುಲೈ ತಿಂಗಳಲ್ಲಿ ಅಂಥ ಸೈಕಲ್ಲಿನಲ್ಲಿ ಇಳಿದ ಗೆಳೆಯನೊಬ್ಬ ಎರಡು ತಿರುವು ಆದಮೇಲೆ ಚಪ್ಪಲಿಯಲ್ಲೇ ಬ್ರೇಕ್ ಹಾಕಿದ. ಹಾಗಾಗಿ ದುಡ್ಡು ಇಲ್ಲಿ ಹಾಕಿ: ಅಲಾಯ್ (ಅಲ್ಯುಮಿನಿಯಂ) ರಿಮ್ಮು, ಹೊಸ ಬ್ರೇಕ್ ರಬ್ಬರು, ಹೊಸ ಕೇಬಲ್. ವಿ-ಬ್ರೇಕ್ (ಎರಡು ಉದ್ದ ತೋಳಿನಿಂದ ರಿಮ್ಮನ್ನು ಒತ್ತುವ ಬ್ರೇಕ್) ಹಾಕಿಸಿದರೆ ಅದರದ್ದೇ ಲಿವರೂ ಬೇಕು, ಹಳೇ ಲಿವರ್ ಕೇಬಲನ್ನು ಅಷ್ಟು ಎಳೆಯಲ್ಲ. ಗೇರು ಓಡುತ್ತಿದ್ದರೆ ಓಡಲಿ ಬಿಡಿ.

ಪಿಲ್ಲರ್ ಹೊರಗೆ ಬಂದರೆ ಅದರ ಮೇಲೆ ಒತ್ತಿರುವ ಅಳತೆ ಓದಿ ತಿಳಿಸಿ. 26.8, 27.2 ಹೀಗೆ ಏನೋ ಇರುತ್ತದೆ, 0.2 ಮಿ.ಮೀ. ವ್ಯತ್ಯಾಸವಾದರೂ ಕೂರಲ್ಲ. ನನ್ನ ಹತ್ತಿರ 27.2ರದ್ದು ಒಂದು ಹೊಸದು ಸುಮ್ನೆ ಬಿದ್ದಿದೆ. ಸರಿಹೊಂದಿದರೆ ಬಸ್ಸಿನಲ್ಲಿ ಕಳಿಸುತ್ತೇನೆ. ಕೂರಿಸುವಾಗ ಮಾತ್ರ ಗ್ರೀಸ್ ಮರೀಬೇಡಿ.