ಥರ್ಮೋಸ್ಟಾಟಲ್ಲಿ ಹಿಮದ ಚಿಹ್ನೆ ಮಿನುಗ್ತಿದ್ರೆ

ಎಸಿಯ ತಾಪಮಾನ ನಿಯಂತ್ರಿಸೋ ಹನಿವೆಲ್ ಥರ್ಮೋಸ್ಟಾಟಲ್ಲಿ ಹಿಮದ ಚಿಹ್ನೆ ಮಿನುಗ್ತಾ ತಂಪು ಗಾಳಿ ಬರ್ತಿಲ್ಲ ಅಂದ್ರೆ, ಬಹುಮಟ್ಟಿಗೆ ಅದು ಕಂಪ್ರೆಸರ್ (ಎಸಿಯ ಅನಿಲವನ್ನ ಒತ್ತೋ ಯಂತ್ರ) ಮತ್ತೆ ಶುರುವಾಗೋಕೆ ಕಾಯ್ತಿರೋ ಸೂಚನೆ, ಕೆಟ್ಟಿರೋದಲ್ಲ. ಈಗಷ್ಟೇ ನಿಂತ ಕಂಪ್ರೆಸರ್ ಒಳಗಿನ ಒತ್ತಡ ಸಮವಾಗೋ ಮೊದಲೇ ಮತ್ತೆ ಶುರುವಾದ್ರೆ ಮೋಟರ್ ಮೇಲೆ ಭಾರ ಬೀಳುತ್ತೆ. ಅದಕ್ಕೇ ಸುಮಾರು 5 ನಿಮಿಷದ ತಡೆ.

ಮೋಡ್ ಕೂಲ್‌ಗೆ ಹಾಕಿ, ಕೋಣೆಯ ತಾಪಮಾನಕ್ಕಿಂತ 3 ಡಿಗ್ರಿ ಕಡಿಮೆ ಇಟ್ಟು ಸುಮ್ಮನೆ ಬಿಡಿ. ಪದೇ ಪದೇ ಆಫ್-ಆನ್ ಮಾಡ್ಬೇಡಿ, ಕಾಯೋ ಹೊತ್ತು ಇನ್ನೂ ಉದ್ದ ಆಗಬಹುದು.

10 ನಿಮಿಷ ಆದ್ರೂ ಮಿನುಗೋದು ನಿಲ್ಲದಿದ್ರೆ ಬ್ಯಾಟರಿ ಚಿಹ್ನೆ ಇದೆಯಾ ನೋಡಿ. ಇದ್ರೆ ಎಲ್ಲ ಸೆಲ್‌ಗಳನ್ನೂ ಒಟ್ಟಿಗೇ ಬದಲಿಸಿ, ಹೊಸದು-ಹಳೇದು ಬೆರೆಸ್ಬೇಡಿ. ಮಿನುಗು ನಿಂತ ಮೇಲೂ ಗಾಳಿ ಬೆಚ್ಚಗಿದ್ರೆ ಫಿಲ್ಟರ್ ನೋಡಿ, ಆಮೇಲೆ ಬ್ರೇಕರ್ (ಕರೆಂಟ್ ಕಡಿಯೋ ಸುರಕ್ಷತಾ ಸ್ವಿಚ್) ಬಿದ್ದಿದೆಯಾ ನೋಡಿ: ಒಳಗಿನ, ಹೊರಗಿನ ಯೂನಿಟ್‌ಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತೆ. ಹೊರಗಿನ ಫ್ಯಾನ್ ತಿರುಗದೆ ಬರೀ ಗುಂಯ್ ಅಂತಿದ್ರೆ ತಕ್ಷಣ ಆಫ್ ಮಾಡಿ ಟೆಕ್ನಿಷಿಯನ್ ಕರೆಸಿ. ಕೆಪಾಸಿಟರ್ (ಮೋಟರ್ ಶುರುವಾಗೋಕೆ ನೆರವಾಗೋ ವಿದ್ಯುತ್ ಭಾಗ) ಕೆಟ್ಟಿರಬಹುದು, ನೀವೇ ಮುಟ್ಟೋಕೆ ಹೋಗ್ಬೇಡಿ.